ನಾಲ್ಕೇ ಪೆಡಲ್ಲಿನ ಹಲಗೆ

ಅವಳನ್ನು ಎಲ್ಲರೂ ದುಂಬಿ ಎಂದೇ ಕರೆಯುತ್ತಿದ್ದರು. ಬೇಸ್ ಗಿಟಾರು ಹಿಡಿದ ಹೊಸದರಲ್ಲಿ ಮನೆಯಿಡೀ ಗುಂಯ್ಗುಡಿಸುತ್ತಿದ್ದಳೆಂದು ಅಣ್ಣ ಇಟ್ಟ ಹೆಸರು. ಸಂಬಂಧ ಕುದುರಿದ ದಿನ ಗಂಡ ಅವಳ ನಿಜವಾದ ಹೆಸರು ಕೇಳಿದ್ದಕ್ಕೆ ಒಂದು ಗಳಿಗೆ ಯೋಚಿಸಿ ಹೇಳಿದಳಂತೆ. ಅದನ್ನು ಹೇಳಿ ಅವನು ಈಗಲೂ ರೇಗಿಸುತ್ತಾನೆ.

ಹಗಲು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ವಾರದ ಕೊನೆಗೆ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ, ಅಣ್ಣನ ಡ್ರಮ್ಸಿನ ಮಗ್ಗುಲಲ್ಲಿ ನಿಂತು ಬೇಸ್. ನಿವೃತ್ತಿಯಾದವರ ಬೀಳ್ಕೊಡುಗೆ, ಕಂಪನಿಯವರ ವರ್ಷದ ಊಟ, ಯಾರದೋ ಐವತ್ತನೇ ಹುಟ್ಟುಹಬ್ಬ. ಹಾಡುವವರನ್ನು ನೋಡುತ್ತಾರೆ, ಕೀಬೋರ್ಡಿನವನನ್ನು ನೋಡುತ್ತಾರೆ, ಬೇಸಿನವಳನ್ನು ಯಾರೂ ನೋಡುವುದಿಲ್ಲ. ಊಟದ ಮೇಜಿನ ಕೆಳಗೆ ಜನರ ಕಾಲು ತಮಗೇ ಗೊತ್ತಿಲ್ಲದೆ ತಾಳ ಹಾಕುತ್ತಿದ್ದರೆ ತನ್ನ ಕೆಲಸ ಸರಿಯಾಗಿದೆ ಎಂದು ಅವಳ ಲೆಕ್ಕ. ಅವಳು ನುಡಿಸುವಾಗ ನೋಡುತ್ತಿದ್ದದ್ದೂ ಆ ಕಾಲುಗಳನ್ನೇ.

ಬಸುರಿಯಾಗಿ ಹೊಟ್ಟೆ ಗಿಟಾರಿಗೆ ಅಡ್ಡ ಬರುವವರೆಗೂ ನುಡಿಸಿದಳು. ಆಮೇಲೆ ಬಿಟ್ಟಳು. ಈಗ ಮಗು ಬೋರಲು ಬೀಳುವಷ್ಟಾಗಿತ್ತು. ಬಿದ್ದದ್ದೇ ತಲೆ ಎತ್ತಲಾರದೆ ಹಾಸಿಗೆಗೆ ಮೂಗು ಒತ್ತಿಕೊಂಡು ರಂಪ ಮಾಡುತ್ತಿತ್ತು.

ಹೆರಿಗೆಯಾದ ಮೇಲೆ ದುಂಬಿಗೆ ಏನಾಗಿದೆ ಎಂದು ಕೇಳಿದವರಿಗೆ ಹೇಳುವುದು ಕಷ್ಟವಾಗಿತ್ತು, ಏಕೆಂದರೆ ಏನೂ ಆಗುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತು ಎದ್ದರೆ ಜೋಮು ಹಿಡಿಯುತ್ತದಲ್ಲ, ಕಾಲು ಕಣ್ಣಿಗೆ ಕಾಣುತ್ತದೆ, ನೆಲದ ಮೇಲೆ ಊರಿದ್ದೂ ಕಾಣುತ್ತದೆ, ಆದರೆ ನೆಲ ಇದೆಯೆಂದು ತಿಳಿಯುವುದಿಲ್ಲ. ಹಾಗೆ. ಹೊತ್ತಿಗೆ ಸರಿಯಾಗಿ ಹಾಲು ಕುಡಿಸುತ್ತಿದ್ದಳು, ತೇಗು ಬರುವವರೆಗೆ ಬೆನ್ನು ತಟ್ಟುತ್ತಿದ್ದಳು, ಒದ್ದೆ ಬಟ್ಟೆ ಬದಲಿಸಿ ಮಡಿಕೆಗಳ ನಡುವೆ ಪೌಡರು ಸವರುತ್ತಿದ್ದಳು. ಎಲ್ಲ ಅಚ್ಚುಕಟ್ಟು. ಮಗು ನಕ್ಕರೆ, ಈಗ ನಗಬೇಕು ಎಂದು ನೆನಪು ಮಾಡಿಕೊಂಡು ನಗುತ್ತಿದ್ದಳು. ಡಾಕ್ಟರಮ್ಮ ಬೈಯಲಿಲ್ಲ, ಹೆದರಿಸಲೂ ಇಲ್ಲ. "ಇದೂ ಒಂದು ಕಾಯಿಲೆನೇ ಕಣಮ್ಮಾ, ಜ್ವರದ ಹಾಗೆ. ಮಾತ್ರೆ ಬಿಡಬೇಡ, ನಿಧಾನಕ್ಕೆ ಸರಿ ಹೋಗತ್ತೆ," ಎಂದರು. ದುಂಬಿ ಮಾತ್ರೆ ಬಿಡಲಿಲ್ಲ. ನಿಧಾನ ಅಂದರೆ ಎಷ್ಟು ನಿಧಾನ ಎಂದು ಕೇಳುವುದು ಮರೆತುಹೋಗಿತ್ತು.

ತಂಡದ ಹಿರಿಯರಿಗೆ ತಾನೇ ಫೋನ್ ಮಾಡಿದಳು. ಹಾಡುವವರೂ ಅವರೇ, ಗಿಟಾರೂ ಅವರದೇ. ಹಿಂದೆ ಶಾಲೆಯಲ್ಲಿ ಸಂಗೀತ ಕಲಿಸಿದ್ದರಿಂದ ಎಲ್ಲರಿಗೂ ಮೇಷ್ಟ್ರು.

"ಮೇಷ್ಟ್ರೇ, ನಾನು ಬರಬಹುದಾ ಇನ್ನು?"

ಮೇಷ್ಟ್ರು ಮೊದಲು ಮನೆ ಕಡೆ ವಿಚಾರಿಸಿದರು. "ಬಾಣಂತನ ಎಲ್ಲಾ ಚೆನ್ನಾಗಾಯ್ತಾ? ಮಗು ಹುಷಾರಾ?"

"ಹುಷಾರು."

"ನೋಡಮ್ಮಾ, ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ನೀನಿಲ್ದೆ ಹೇಗೋ ನಡೀತಿದೆ. ಕೀಬೋರ್ಡಿನವನು ಬಲಗೈಯಲ್ಲಿ ಅವನ ಕೆಲಸ ಮಾಡ್ಕೊಂಡು ಎಡಗೈಯಲ್ಲಿ ಬೇಸ್ ಒತ್ತಿಬಿಡ್ತಾನೆ. ಬೇಸಿನವಳು ಎಲ್ಲಿ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ."

ಈ ಮಾತು ಚುಚ್ಚಬೇಕಿತ್ತು. ಚುಚ್ಚಿದ್ದು ಅವಳಿಗೆ ಕಂಡಿತು, ನೋವಾಗಲಿಲ್ಲ. "ಸರಿ," ಎಂದಳು.

ಅವಳು ಜಗಳಕ್ಕೆ ಬಂದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತೇನೋ. ಈ 'ಸರಿ'ಗೆ ಅವರೇ ಮೆತ್ತಗಾದರು. "ಒಂದು ಕೆಲಸ ಮಾಡು. ಭಾನುವಾರ ಬೆಳಿಗ್ಗೆ ಹಾಲ್ ಖಾಲಿ ಇರತ್ತೆ, ಬಾ. ಒಂದೇ ಹಾಡು ಎರಡು ಸಲ ನುಡಿಸೋಣ. ಒಂದು ಸಲ ಅವನ ಎಡಗೈ, ಒಂದು ಸಲ ನೀನು. ವ್ಯತ್ಯಾಸ ನನ್ನ ಕಿವಿಗೆ ಬಿದ್ರೆ ನಿನ್ನ ಜಾಗ ನಿನ್ನದು. ಬೀಳ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬಾರ್ದು."

"ಇಲ್ಲ."

"ಇನ್ನೊಂದು. ಹೋಟೆಲಿನವರು ವೇದಿಕೆ ಚಿಕ್ಕದು ಮಾಡಿದಾರೆ. ಈಗ ಆಂಪ್ಲಿಫೈಯರ್ ಪೆಟ್ಟಿಗೆಗಳೆಲ್ಲ ಬಂದ್. ಎಲ್ಲರ ತಂತಿನೂ ಸೀದಾ ಸೌಂಡಿನವರ ಮಿಕ್ಸರಿಗೆ, ಎಲ್ಲರ ಕಿವಿಗೂ ಒಂದೊಂದು ಇಯರ್‌ಫೋನು. ಪೆಡಲ್ ಹಲಗೆ ಟೀ ತರೋ ತಟ್ಟೆಗಿಂತ ದೊಡ್ಡದಿರಬಾರ್ದು, ನಾಲ್ಕು ಪೆಡಲ್ ಹಿಡಿದ್ರೆ ಹೆಚ್ಚು. ನಿನ್ನ ಆ ಸೂಟ್‌ಕೇಸ್ ಹೊತ್ಕೊಂಡು ಬರಬೇಡ ಮತ್ತೆ."

ಸೂಟ್‌ಕೇಸು ಮಂಚದ ಕೆಳಗಿತ್ತು. ಮಧ್ಯಾಹ್ನ ಮಗು ಮಲಗಿದ ಮೇಲೆ ಸದ್ದಾಗದಂತೆ ಎಳೆದು ಬೀಗ ತೆಗೆದಳು. ಒಳಗೆ ಹಳೆಯ ಪರದೆ ಬಟ್ಟೆಯ ತುಂಡುಗಳಲ್ಲಿ ಸುತ್ತಿಟ್ಟ ಪೆಡಲ್ಲುಗಳು: ಅಂಗೈಯಗಲದ ಲೋಹದ ಡಬ್ಬಿಗಳು. ಗಿಟಾರಿನಿಂದ ಹೊರಟ ದನಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಬೇರೆ ವೇಷದಲ್ಲಿ ಬರುತ್ತದೆ. ಕಾಲಿನಿಂದ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಎಷ್ಟೋ ವರ್ಷ ಒಂದೊಂದಾಗಿ ಕೂಡಿಸಿದ್ದು. ಒಂದನ್ನು ಅಂಗಡಿಯಲ್ಲಿ ದೊಡ್ಡ ಆರ್ಡರು ಮುಗಿದ ಖುಷಿಗೆ ಕೊಂಡಿದ್ದಳು, ಒಂದನ್ನು ಮದುವೆಗೆ ಮುಂಚೆ ಗಂಡ ತಂದುಕೊಟ್ಟಿದ್ದ, ಒಂದು ಅಣ್ಣನ ಹತ್ತಿರದಿಂದ ಕೈಗಡ ತಂದದ್ದು ವಾಪಸು ಹೋಗಲೇ ಇಲ್ಲ.

ಗಂಡ ಟೈರ್ ಅಂಗಡಿಗೆ ಎರಡನೇ ಪಾಳಿಗೆ ಹೊರಟಿದ್ದ. ಬಾಗಿಲಲ್ಲೇ ನಿಂತು ಷೂ ಹಾಕಿಕೊಳ್ಳುತ್ತ ಚಾಪೆಯ ಮೇಲೆ ಹರಡಿದ್ದನ್ನು ನೋಡಿದ.

"ಸೈಕಲ್ಲಿಗೇ ಎರಡು ಪೆಡಲ್ ಸಾಕು. ನಿನಗೆ ಯಾಕೇ ಇಷ್ಟು?"

"ನಾಲ್ಕೇ ಒಯ್ಯಬೇಕಂತೆ."

"ಹಾಗಾದ್ರೆ ಎರಡು ಸೈಕಲ್ಲೇ ಆಯ್ತು ಬಿಡು." ಅವಳು ನಗಲಿಲ್ಲ ಎಂದು ಅವನಿಗೆ ಕಂಡಿತು. ಷೂ ಲೇಸು ಅರ್ಧ ಕಟ್ಟಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಯಾವ ನಾಲ್ಕು ಹೇಳು. ನನಗೂ ತಿಳೀಲಿ."

ಅವಳು ಮೊದಲ ಡಬ್ಬಿ ಎತ್ತಿ ಹಲಗೆಯ ಮೇಲಿಟ್ಟಳು. ಟ್ಯೂನರ್. ಇದಕ್ಕೆ ವಾದವೇ ಇಲ್ಲ. ತಂತಿ ಶ್ರುತಿ ತಪ್ಪಿದರೆ ಉಳಿದದ್ದೆಲ್ಲ ದಂಡ. ಎರಡನೆಯದು ಕಂಪ್ರೆಸರ್. "ಜೋರಾಗಿ ಬಂದಿದ್ದನ್ನ ಅಮುಕತ್ತೆ, ಮೆತ್ತಗೆ ಬಂದಿದ್ದನ್ನ ಎತ್ತತ್ತೆ. ಒಂದು ಸ್ವರ ಹೆಚ್ಚು, ಒಂದು ಕಮ್ಮಿ ಆಗದೆ ಎಲ್ಲಾ ಒಂದೇ ಸಮ ಬರತ್ತೆ."

"ಅಂದ್ರೆ ನಮ್ಮಮ್ಮ."

"ಕೇಳಿಸ್ತು ಕಣೋ!" ಎಂದರು ಅತ್ತೆ ಅಡುಗೆಮನೆಯಿಂದ. "ಮಗು ಎದ್ರೆ ಇಬ್ರನ್ನೂ ಅಮುಕ್ತೀನಿ."

ದುಂಬಿ ಆ ಡಬ್ಬಿಯ ಗುಂಡಿಯನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಪೂರಾ ಬಲಕ್ಕೆ ತಿರುಗಿಸಿದರೆ ಹೊಡೆದರೂ ಅಷ್ಟೇ, ಸವರಿದರೂ ಅಷ್ಟೇ. ತನ್ನೊಳಗೂ ಯಾರೋ ಇಂಥದೊಂದನ್ನು ಇಟ್ಟು ಗುಂಡಿಯನ್ನು ಕೊನೆಮುಟ್ಟ ತಿರುಗಿಸಿ ಹೋಗಿದ್ದಾರೆ ಅನಿಸಿತು. ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಕೆಲಸಕ್ಕೆ ಹೋಗುತ್ತಿರಲಿಲ್ಲ. ಗುಂಡಿಯನ್ನು ಅರ್ಧಕ್ಕೆ ತಂದು ನಿಲ್ಲಿಸಿದಳು.

ಮೂರನೆಯದು ಪ್ರೀಆಂಪ್. ಆಂಪ್ಲಿಫೈಯರ್ ಪೆಟ್ಟಿಗೆ ಇಲ್ಲದ ಮೇಲೆ ಆ ಪೆಟ್ಟಿಗೆಯ ಕೆಲಸವನ್ನು ಯಾರಾದರೂ ಮಾಡಲೇಬೇಕು. ಮಿಕ್ಸರಿಗೆ ಹೋಗುವ ಮುನ್ನ ದನಿಗೆ ಮೈಕಟ್ಟು ಕೊಡುವುದು ಇದೇ: ಕೆಳದನಿಗೆ ಒಂದು ಗುಂಡಿ, ನಡುದನಿಗೆ ಒಂದು, ಮೇಲ್ದನಿಗೆ ಒಂದು.

"ಮೂರಾಯ್ತು. ನಾಲ್ಕನೇದು?" ಗಂಡ ಗಡಿಯಾರ ನೋಡಿ ಎದ್ದ.

"ಅದೇ ಗೊತ್ತಾಗ್ತಿಲ್ಲ."

ಅವನು ಹೋದಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಜೋಡಿಸಿ ನುಡಿಸಿದಳು. ಓವರ್‌ಡ್ರೈವ್ ದನಿಗೆ ಗೊರಗೊರ ಸೇರಿಸಿತು, ಗಂಟಲು ಕಟ್ಟಿದವರು ಹಾಡಿದ ಹಾಗೆ. ಆಕ್ಟೇವ್ ಪೆಡಲ್ಲು ತಾನು ನುಡಿಸಿದ್ದರ ಜೊತೆಗೆ ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ್ವರವನ್ನೂ ಎಳೆದು ತಂದಿತು. ಮಂಚದ ಕೆಳಗೆ ಯಾರೋ ಗೊರಕೆ ಹೊಡೆದಂತಿತ್ತು. ಕೊನೆಗೆ ನೀಲಿ ಬಣ್ಣದ ಕೋರಸ್. ಇದು ಗಂಡ ಕೊಟ್ಟದ್ದು. ಒಂದು ದನಿಯನ್ನು ಎರಡು ಮಾಡಿ, ಎರಡನೆಯದನ್ನು ಕೂದಲೆಳೆಯಷ್ಟು ಅಲುಗಾಡಿಸುತ್ತದೆ. ಒಂದು ಸ್ವರ ಹಿಡಿದು ಸುಮ್ಮನೆ ನಿಂತರೂ ನೀರಿನ ಮೇಲೆ ಬಿಸಿಲು ಆಡಿದಂತೆ ಆಡುತ್ತಿತ್ತು.

ಮೊಣಕೈ ಹತ್ತಿರ ಏನೋ ಆಯಿತು. ನೋಡಿಕೊಂಡರೆ ಒಂದಿಷ್ಟು ರೋಮ ನೆಟ್ಟಗಾಗಿತ್ತು.

ಅಷ್ಟು ಸಾಕಾಯಿತು ಅವಳಿಗೆ. ನಾಲ್ಕನೆಯದು ಇದೇ. ಪ್ರೀಆಂಪಿನ ಕೆಳದನಿ ಏರಿಸಿದಳು, ಮೇಲ್ದನಿ ಏರಿಸಿದಳು, ನಡುವಿನದನ್ನು ತೀರಾ ಇಳಿಸಿದಳು. ನಡುದನಿ ಎಂದರೆ ನೆಗಡಿಯಾದ ಮೂಗಿನ ದನಿ; ಅದು ಹೋದಮೇಲೆ ಉಳಿದದ್ದು ಬರೀ ಮಖಮಲ್ಲು. ಕಣ್ಣು ಮುಚ್ಚಿ, ಭಾನುವಾರ ನುಡಿಸಬೇಕಿದ್ದ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಿದಳು, ಮತ್ತೆ ನುಡಿಸಿದಳು.

ಭುಜದ ಮೇಲೆ ಕೈ ಬಿತ್ತು. ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಮಗುವಿನ ಮುಖ ಕೆಂಪಾಗಿ ಬಾಯಿ ಪೂರಾ ತೆರೆದಿತ್ತು. ಹೆಡ್‌ಫೋನ್ ತೆಗೆದ ಮೇಲೆ ಅಳು ಕೇಳಿಸಿತು.

"ಪಕ್ಕದಲ್ಲೇ ಮಲಗಿಸ್ಕೊಂಡು, ಕೇಳ್ಸಲಿಲ್ವೇನೇ? ಬೋರಲು ಬಿದ್ದು ಬಡ್ಕೋತಿತ್ತಲ್ಲ."

"ಇಲ್ಲ ಅತ್ತೆ. ಕೇಳಿಸ್ಲಿಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. "ಹೋಗ್ಲಿ, ಹಸಿವು ಅಷ್ಟೇ. ತಗೋ." ದುಂಬಿ ಗಿಟಾರು ಕೆಳಗಿಟ್ಟು ಕೈ ತೊಳೆದು ಬಂದು ಮಗುವನ್ನು ತೆಗೆದುಕೊಂಡಳು. ಮಗು ಬಿಕ್ಕುತ್ತ ಬಿಕ್ಕುತ್ತ ಕುಡಿಯಿತು. ಅವಳು ಗೋಡೆ ನೋಡುತ್ತ ಕೂತಳು.

ಸಂಜೆ ಅಣ್ಣ ಫೋನ್ ಮಾಡಿದ. "ನಾಲ್ಕನೇದು ಯಾವ್ದು?"

"ಕೋರಸ್."

"ಲೇ, ತಲೆ ನೆಟ್ಟಗಿದೆಯಾ? ಓವರ್‌ಡ್ರೈವ್ ತಗೊಂಬಾ, ನನ್ನದೇ ಇದೆಯಲ್ಲ ನಿನ್ನ ಹತ್ರ, ನುಂಗಿ ಕೂತಿದೀಯಲ್ಲ."

"ಕೋರಸ್ಸೇ ಚೆನ್ನಾಗಿದೆ."

"ಏನೋ ಮಾಡ್ಕೋ. ಮೇಷ್ಟ್ರು ಮನಸ್ಸು ಮಾಡ್ಬಿಟ್ಟಿದಾರೆ ಕಣೇ. ಭಾನುವಾರ ಕೆಟ್ರೆ ನಾನು ಹೇಳಿದ್ರೂ ಕೇಳಲ್ಲ ಅವರು."

"ಗೊತ್ತು."

ಭಾನುವಾರ ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ನೆಲ ಒರೆಸಿದ ಫಿನಾಯಿಲ್ ವಾಸನೆ ಇನ್ನೂ ಆರಿರಲಿಲ್ಲ. ಮೂಲೆಯ ಮಿಕ್ಸರಿನ ಹಿಂದೆ ಸೌಂಡಿನವರು ಕನ್ನಡಕ ಹಣೆಗೇರಿಸಿ ಕೂತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ. ಕೀಬೋರ್ಡಿನವನು ಅವಳನ್ನು ಕಂಡು ನಕ್ಕ. ಕೆಟ್ಟವನಲ್ಲ, ಆದರೆ ಎರಡು ಜನರ ಕೆಲಸ ಒಬ್ಬನೇ ಮಾಡುತ್ತೇನೆ ಎನ್ನುವ ಹೆಮ್ಮೆ ಅವನ ಕುತ್ತಿಗೆಗೆ ಒಂದಿಷ್ಟು ಉದ್ದ ಕೊಟ್ಟಿತ್ತು.

"ಬನ್ನಿ ಬನ್ನಿ. ನನ್ನ ಎಡಗೈಯ ಹೊಟ್ಟೆ ಮೇಲೆ ಹೊಡೀಬೇಕು ಅಂತ ಬಂದ್ರಾ?"

"ಹಾಗೇ ಇಟ್ಕೊಳ್ಳಿ," ಎಂದಳು ದುಂಬಿ.

ಮೊದಲ ಸಲ ಅವನ ಎಡಗೈ. ಅವಳು ಕೆಳಗೆ ನಿಂತು ಕೇಳಿದಳು. ತಪ್ಪು ಹುಡುಕಲು ಸಿಗಲಿಲ್ಲ. ಸ್ವರಗಳೆಲ್ಲ ಇದ್ದವು, ಇರಬೇಕಾದ ಕಡೆಯೇ ಇದ್ದವು. ಎರಡನೇ ಸಲ ಅವಳು ವೇದಿಕೆ ಹತ್ತಿ, ತಂತಿ ಚುಚ್ಚಿ, ಇಯರ್‌ಫೋನು ಹಾಕಿಕೊಂಡಳು. ಸೌಂಡಿನವರು ಅವಳ ಕಿವಿಗೆ ಅವಳ ದನಿಯನ್ನೇ ದಂಡಿಯಾಗಿ ಕೊಟ್ಟಿದ್ದರು. ಮನೆಯ ಚಾಪೆಯ ಮೇಲೆ ಕೇಳಿದ್ದ ಅದೇ ಮಖಮಲ್ಲು, ಅದೇ ಬಿಸಿಲಾಟ. ಒಂದು ಸ್ವರವೂ ಆಚೀಚೆಯಾಗಲಿಲ್ಲ.

ಹಾಡು ಮುಗಿಯಿತು. ಮೇಷ್ಟ್ರು ಸೌಂಡಿನವರ ಕಡೆ ತಿರುಗಿದರು. "ಬೇಸ್ ಆನ್ ಇತ್ತೇನ್ರೀ?"

"ಇತ್ತು."

"ಜೋರಾಗಿ ಇಡ್ಬೇಕಿತ್ತು."

"ಜೋರೇ ಇದೆ. ಇನ್ನೂ ಏರಿಸಿದ್ರೆ ಗುಮ್ ಅನ್ನತ್ತೆ ಅಷ್ಟೇ."

ಮೇಷ್ಟ್ರು ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತ ನೆಲ ನೋಡಿದರು. ಡ್ರಮ್ಸಿನ ಹಿಂದಿನಿಂದ ಅಣ್ಣ ಕೋಲುಗಳನ್ನು ಮಡಿಲಲ್ಲಿಟ್ಟು, "ನೀನು ಸಿಗ್ಲೇ ಇಲ್ಲ ಕಣೇ ನನಗೆ," ಎಂದ. "ಅಣ್ಣ ಅಂತ ಹೇಳ್ತಿಲ್ಲ, ಡ್ರಮ್ಮರ್ ಅಂತ ಹೇಳ್ತಿದೀನಿ. ಎಲ್ಲೋ ದೂರದಲ್ಲಿ ಮೋಡ ಹೋದ ಹಾಗಿತ್ತು. ಕಾಲಿಡೋಣ ಅಂದ್ರೆ ಜಾಗ ಇಲ್ಲ."

"ಬೇಜಾರು ಮಾಡ್ಕೋಬೇಡಮ್ಮಾ," ಎಂದು ಮೇಷ್ಟ್ರು ಶುರು ಮಾಡಿದರು.

ದುಂಬಿಗೆ ಬೇಜಾರಾಗಿರಲಿಲ್ಲ. ಅಳು ಬಂದಿದ್ದರೆ ಅವಳು ಬಾತ್‌ರೂಮಿಗೆ ಹೋಗುತ್ತಿದ್ದಳು, ಸಿಟ್ಟು ಬಂದಿದ್ದರೆ ಮನೆಗೆ. ಎರಡೂ ಬಾರದ್ದರಿಂದ ನಿಂತಲ್ಲೇ ಯೋಚಿಸಿದಳು. ಅಂಗಡಿಯಲ್ಲಿ ಹೀಗೆ ಆಗುವುದುಂಟು. ಮೇಜಿನ ಮೇಲೆ ಹಾಸಿದಾಗ ಕಣ್ಣಿಗೆ ಹಬ್ಬವೆನಿಸುವ ಬಟ್ಟೆ, ಕಿಟಕಿಗೆ ಹಾಕಿದರೆ ಗೋಡೆಯ ಜೊತೆ ಸೇರಿ ಕಾಣೆಯಾಗಿಬಿಡುತ್ತದೆ. ಆಗ ಬಟ್ಟೆಯನ್ನು ಬೈದರೆ ಬರುವುದಿಲ್ಲ. ಕಿಟಕಿಯ ಹತ್ತಿರವೇ ಹೋಗಿ ನೋಡಬೇಕು.

"ಉದ್ದದ ತಂತಿ ಇದೆಯಾ?" ಎಂದು ಸೌಂಡಿನವರನ್ನು ಕೇಳಿದಳು.

"ಇದೆ."

ಇಯರ್‌ಫೋನು ಕಿತ್ತು ಜೇಬಿಗೆ ಹಾಕಿದಳು. ಪೆಡಲ್ ಹಲಗೆಯನ್ನು ವೇದಿಕೆಯ ಮೇಲೇ ಬಿಟ್ಟು, ತಂತಿ ಎಳೆದುಕೊಂಡು ಹಾಲಿನ ನಡುವಿಗೆ, ಪೇರಿಸಿದ ಕುರ್ಚಿಗಳ ಪಕ್ಕಕ್ಕೆ ಹೋಗಿ ನಿಂತಳು. "ಅಣ್ಣ, ಮೇಷ್ಟ್ರೇ, ನೀವಿಬ್ರೂ ನುಡಿಸಿ. ನಾನು ಇಲ್ಲಿಂದ ಸೇರ್ಕೋತೀನಿ."

ಇಬ್ಬರೂ ನುಡಿಸಿದರು. ಅವಳು ಸೇರಿಕೊಂಡಳು. ನಿಜವೇ, ಅವಳು ಅಲ್ಲಿರಲಿಲ್ಲ. ಕೆಳದನಿಯನ್ನೆಲ್ಲ ಅಣ್ಣನ ದೊಡ್ಡ ಡ್ರಮ್ಮು ತಿಂದಿತ್ತು, ಮೇಲಿನದನ್ನು ತಾಳದ ತಟ್ಟೆಗಳೂ ಮೇಷ್ಟ್ರ ಗಿಟಾರೂ ಹಂಚಿಕೊಂಡಿದ್ದವು. ಎರಡರ ನಡುವೆ ಖಾಲಿ ಜಾಗ ಒಂದಿತ್ತು. ಅಲ್ಲಿಂದ ಅವಳು ತನ್ನನ್ನು ತಾನೇ ಎತ್ತಿ ಹೊರಗಿಟ್ಟಿದ್ದಳು. ಒಬ್ಬಳೇ ಹೆಡ್‌ಫೋನಿನಲ್ಲಿ ಕೂತು ಚೆಂದ ಮಾಡಿದ್ದು, ನಾಲ್ಕು ಜನರ ನಡುವೆ ಹೊಗೆಯಾಗಿತ್ತು.

ಈಗ ಗುಂಡಿ ತಿರುಗಿಸಬೇಕು, ಕೇಳುವ ಕಿವಿ ಇಲ್ಲೇ ಇರಬೇಕು. ಕೈ ಖಾಲಿ ಇದ್ದವನು ಒಬ್ಬನೇ.

"ಸ್ವಲ್ಪ ನನ್ನ ಹಲಗೆ ಹತ್ರ ಕೂತ್ಕೋತೀರಾ?" ಎಂದು ಕೀಬೋರ್ಡಿನವನನ್ನು ಕೇಳಿದಳು. "ನಿಮ್ಮ ಎಡಗೈ ಸಾಕು."

ಅಣ್ಣ ಕಿಸಕ್ಕೆಂದ. ಕೀಬೋರ್ಡಿನವನು ಮೇಷ್ಟ್ರ ಮುಖ ನೋಡಿದ. ಅವರು ನೋಡೇಬಿಡೋಣ ಎನ್ನುವಂತೆ ತಲೆಯಾಡಿಸಿದರು. ಅವನು ಪ್ಯಾಂಟು ಎತ್ತಿಕೊಂಡು ಮೊಣಕಾಲೂರಿದ. "ನನ್ನ ಗುಂಡಿ ನಾನೇ ತೋಡ್ಕೊಂಡ ಹಾಗಾಯ್ತು ಇದು. ಹೂಂ, ಹೇಳಿ."

"ನೀಲಿ ಡಬ್ಬಿ ಆಫ್ ಮಾಡಿ."

"ಇದ್ಯಾಕ್ರೀ? ಚೆನ್ನಾಗಿದೆಯಲ್ಲಾ ಇದು?"

"ಚೆನ್ನಾಗಿದೆ. ಆಫ್ ಮಾಡಿ."

ಬಿಸಿಲಾಟ ಹೋಯಿತು. ಅವಳು ನುಡಿಸುತ್ತಲೇ ಇದ್ದಳು. "ಮೂರನೇ ಡಬ್ಬೀಲಿ ನಡುವಿನ ಗುಂಡಿ ಬಲಕ್ಕೆ. ಇನ್ನೂ. ಇನ್ನೂ ಸ್ವಲ್ಪ. ಎಡಗಡೇದು ಇಳಿಸಿ. ಇಳಿಸಿ ಅಂದೆ, ಪೂರ್ತಿ ಅಲ್ಲ. ಹಾಂ."

ಹೊಗೆಯ ಒಳಗಿಂದ ಒಂದು ದನಿ ಬಂದಿತು. ಕುರೂಪಿ ದನಿ. ನೆಗಡಿಯಾದವರು ಮೂಗಿನಲ್ಲಿ ಮಾತಾಡಿದ ಹಾಗೆ, ಒರಟು, ಮೊಂಡು. ಮನೆಯಲ್ಲಿ ಇದನ್ನೇ ಅವಳು ಮೊದಲು ಕಿತ್ತು ಎಸೆದಿದ್ದಳು. ಈಗಲೂ ಹಿಡಿಸಲಿಲ್ಲ. ಆದರೆ ಅಣ್ಣ ತಲೆ ಎತ್ತಿದ. ಅವನ ಕಾಲು ಡ್ರಮ್ಮಿನ ಮೇಲೆ ಬೀಳುವುದೂ ಅವಳ ಬೆರಳು ತಂತಿ ಬಿಡುವುದೂ ಒಂದೇ ಸದ್ದಾಯಿತು. ಇಷ್ಟು ಹೊತ್ತು ತಮ್ಮ ಗಿಟಾರಿನ ಮೇಲೆ ಕಣ್ಣು ನೆಟ್ಟಿದ್ದ ಮೇಷ್ಟ್ರು ನೋಡುವುದನ್ನು ಬಿಟ್ಟರು, ಒಂದು ಹೆಜ್ಜೆ ಮುಂದೆ ಬಂದು ಗಂಟಲು ತೆರೆದು ಹಾಡಿದರು. ಮೊಣಕಾಲೂರಿದ್ದ ಕೀಬೋರ್ಡಿನವನ ಹಿಮ್ಮಡಿ ಅವನಿಗೆ ತಿಳಿಯದೆ ಕುಣಿಯುತ್ತಿತ್ತು.

ಪಕ್ಕದ ಕುರ್ಚಿಗಳ ಉಕ್ಕಿನ ಕಾಲುಗಳು ಸಣ್ಣಗೆ ಗುಯ್‌ಗುಡುತ್ತಿದ್ದವು. ದುಂಬಿ ಸೊಂಟ ಒರಗಿಸಿ ನಿಂತಳು. ಕಂಪನ ತಿಳಿಯಿತು. ಸಂತೋಷ ಅಂತಲ್ಲ, ಕಂಪನ, ಅಷ್ಟೇ. ತನಗೆ ಹಿಡಿಸದ ದನಿಯೊಂದು ತನ್ನ ಕೈಯಿಂದ ಹೊರಟು ಮೂರು ಜನರನ್ನು ತಲುಪಿ ಅವರನ್ನು ಹಿಡಿದು ನಿಲ್ಲಿಸುತ್ತಿರುವುದನ್ನು ಅವಳು ಕೊನೆಯ ಸ್ವರದವರೆಗೂ ನೋಡಿದಳು. ತನಗೆ ಏನೂ ಅನಿಸದಿದ್ದರೂ ಕೆಲಸ ನಡೆಯುತ್ತದೆ, ಎದುರಿನವರಿಗೆ ತಲುಪುತ್ತದೆ. ಈ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಹಾಡು ನಿಂತಿತು. ಸೌಂಡಿನವರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ, ಯಾರೂ ಕೇಳದೆಯೇ, "ಈಗ ಸರಿ," ಎಂದರು.

ಕೀಬೋರ್ಡಿನವನು ಮೊಣಕಾಲು ಝಾಡಿಸುತ್ತ ಎದ್ದ. "ಮೇಷ್ಟ್ರೇ, ನನ್ನ ಎಡಗೈಗೆ ರಜೆ ಬರೆದುಬಿಡಿ. ಅದಕ್ಕೂ ಸಾಕಾಗಿತ್ತು ಪಾಪ." ಹೇಳಿದ್ದು ತಮಾಷೆಗೇ, ಮುಖ ಮಾತ್ರ ಅಷ್ಟೇನೂ ತಮಾಷೆಯಾಗಿರಲಿಲ್ಲ.

"ಶನಿವಾರದಿಂದ ಬಾಮ್ಮಾ," ಎಂದರು ಮೇಷ್ಟ್ರು. "ಜಾಗ ನಿನ್ನದೇ." ಹೇಳಿ, ಅವಳ ಮುಖದಲ್ಲಿ ಏನೋ ಬರಲೆಂದು ಕಾದರು. ಅವಳು ತಂತಿ ಸುತ್ತಿಕೊಳ್ಳುತ್ತ ವೇದಿಕೆಯ ಕಡೆ ಬರುತ್ತಿದ್ದಳು. "ಏನೇ ಇದು, ಒಂದು ಚೂರೂ ಖುಷಿ ಕಾಣಲ್ವಲ್ಲ?"

"ಇನ್ನೂ ಬಂದಿಲ್ಲ ಮೇಷ್ಟ್ರೇ. ಬಂದಾಗ ಹೇಳ್ತೀನಿ."

ಅಣ್ಣ ಕೋಲುಗಳನ್ನು ಎತ್ತಿಕೊಂಡ. "ಖುಷಿ ಯಾವಾಗಾದ್ರೂ ಬರ್ಲಿ ಬಿಡಿ ಮೇಷ್ಟ್ರೇ. ನೀನು ಒಂದನೇ ಏಟಿಗೆ ಸರಿಯಾಗಿ ಬಾ, ಸಾಕು. ಮುಂದಿನ ಹಾಡು. ರೆಡಿನಾ?"

ಅವಳು ತನ್ನ ಜಾಗಕ್ಕೆ, ಡ್ರಮ್ಸಿನ ಮಗ್ಗುಲಿಗೆ ಬಂದು ನಿಂತಳು. ಅಣ್ಣ ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸಿದ. ಅವಳು ಒಂದನೇ ಏಟಿಗೆ ಬಂದಳು.